ಸುಂಕದ ಗೋಡೆ ಬಿದ್ದಾಗ ದುಡಿಯುವವರಿಗೆ ದಕ್ಕಿದ್ದೇನು?

'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ' ಎಂಬ ಗಾದೆಯನ್ನು ನೀವು ಕೇಳಿರುತ್ತೀರಿ. ಸರಕು ಹೇರಿಕೊಂಡು ಊರಿಂದೂರಿಗೆ ಹೋಗುವ ವ್ಯಾಪಾರಿಯನ್ನು ದಾರಿಯಲ್ಲಿ ತಡೆದು ಸುಂಕ ವಸೂಲು ಮಾಡುತ್ತಿದ್ದ ಕಾಲದ ಅನುಭವ ಈ ಮಾತಿನಲ್ಲಿದೆ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಎಂಬ ಬಡಾವಣೆಯೇ ಇದೆ. ಊರು ಊರುಗಳ ನಡುವಿನ ಅಂಥ ಕಟ್ಟೆಗಳು ಮಾಯವಾಗಿವೆ. ದೇಶ ದೇಶಗಳ ನಡುವೆ ಮಾತ್ರ ಅವು ಇನ್ನೂ ಉಳಿದಿವೆ.

ನೆರೆಹೊರೆಯ ಕೆಲವು ದೇಶಗಳು ಒಟ್ಟಿಗೆ ಕುಳಿತು, 'ನಮ್ಮ ನಮ್ಮೊಳಗೆ ಈ ಕಟ್ಟೆಗಳು ಬೇಡ' ಎಂದು ಒಪ್ಪಂದ ಮಾಡಿಕೊಳ್ಳುವುದನ್ನೇ ಪ್ರಾದೇಶಿಕ ಆರ್ಥಿಕ ಏಕೀಕರಣ ಎನ್ನುತ್ತಾರೆ. ಇದರಿಂದ ವ್ಯಾಪಾರ ಹೆಚ್ಚುತ್ತದೆ, ಸಾಮಾನು ಅಗ್ಗವಾಗುತ್ತದೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಆದರೆ ನೀವು ನಾಳೆ ಓದು ಮುಗಿಸಿ ದುಡಿಮೆಗೆ ಇಳಿಯುವವರು. ನಿಮಗೆ ಬೇಕಾದ ಉತ್ತರಗಳು ಬೇರೆ. ಕೆಲಸ ಸಿಗುತ್ತದೆಯೇ? ಎಲ್ಲಿ ಸಿಗುತ್ತದೆ? ಎಷ್ಟು ಸಂಬಳಕ್ಕೆ, ದಿನಕ್ಕೆ ಎಷ್ಟು ಗಂಟೆಯ ದುಡಿಮೆಗೆ? ಈ ಪ್ರಶ್ನೆಗಳನ್ನು ಇಟ್ಟುಕೊಂಡು ಯೂರೋಪಿನ ಅನುಭವವನ್ನು ನೋಡೋಣ. ಏಕೀಕರಣದ ಪ್ರಯೋಗ ಅತ್ಯಂತ ದೀರ್ಘಕಾಲ, ಅತ್ಯಂತ ಆಳವಾಗಿ ನಡೆದಿರುವುದು ಅಲ್ಲಿಯೇ.

ನಾಲ್ಕು ಮೆಟ್ಟಿಲುಗಳು

ಏಕೀಕರಣವನ್ನು ಮೆಟ್ಟಿಲು ಮೆಟ್ಟಿಲಾಗಿ ಅರ್ಥ ಮಾಡಿಕೊಳ್ಳುವುದು ಸುಲಭ. ಮೊದಲನೆಯದು ಮುಕ್ತ ವ್ಯಾಪಾರ ವಲಯ. ಸದಸ್ಯ ದೇಶಗಳು ಪರಸ್ಪರ ಸುಂಕ ತೆಗೆಯುತ್ತವೆ. ಹೊರಗಿನವರ ಮೇಲೆ ಎಷ್ಟು ಸುಂಕ ಹಾಕಬೇಕೆಂಬುದು ಆಯಾ ದೇಶದ ಇಷ್ಟ. ಎರಡನೆಯದು ಸುಂಕ ಒಕ್ಕೂಟ. ಇಲ್ಲಿ ಹೊರಗಿನವರ ಮೇಲಿನ ಸುಂಕವೂ ಎಲ್ಲ ಸದಸ್ಯರಿಗೂ ಒಂದೇ. ಮೂರನೆಯದು ಸಾಮಾನ್ಯ ಮಾರುಕಟ್ಟೆ. ಸರಕಿನ ಜೊತೆಗೆ ಸೇವೆ, ಬಂಡವಾಳ ಮತ್ತು ದುಡಿಯುವ ಜನರೂ ಗಡಿ ದಾಟಿ ಓಡಾಡಬಹುದು. ನಾಲ್ಕನೆಯದು ಆರ್ಥಿಕ ಒಕ್ಕೂಟ. ಒಂದೇ ನಾಣ್ಯ ಮತ್ತು ಹಣಕಾಸಿನ ಸಮಾನ ಶಿಸ್ತು ಈ ಮೆಟ್ಟಿಲಿಗೆ ಸೇರಿದವು.

ಯೂರೋಪ್ ಈ ಮೆಟ್ಟಿಲುಗಳನ್ನು ಒಂದೊಂದಾಗಿ ಏರಿತು. ಎರಡನೆಯ ಮಹಾಯುದ್ಧದಲ್ಲಿ ಜರ್ಝರಿತವಾಗಿದ್ದ ಖಂಡದಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಮತ್ತು ಲಕ್ಸೆಂಬರ್ಗ್ ಎಂಬ ಆರು ದೇಶಗಳು 1951ರಲ್ಲಿ ಕಲ್ಲಿದ್ದಲು ಮತ್ತು ಉಕ್ಕಿನ ಸಮುದಾಯವನ್ನು ರಚಿಸಿದವು. ಯುದ್ಧ ಸಾಮಗ್ರಿಗೆ ಬೇಕಾದ ಈ ಎರಡೂ ವಸ್ತುಗಳು ಸಮಾನ ಆಡಳಿತಕ್ಕೆ ಒಳಪಟ್ಟರೆ ಮತ್ತೊಂದು ಯುದ್ಧ ಅಸಾಧ್ಯವಾದೀತು ಎಂಬುದು ಆಗಿನ ಫ್ರೆಂಚ್ ವಿದೇಶಾಂಗ ಸಚಿವ ರಾಬರ್ಟ್ ಶೂಮನ್ ಅವರ ಆಲೋಚನೆ. 1957ರ ಮಾರ್ಚ್ 25ರಂದು ರೋಮ್ ಒಪ್ಪಂದಕ್ಕೆ ಸಹಿ ಬಿತ್ತು. 1968ರ ಜುಲೈ ಹೊತ್ತಿಗೆ ಸುಂಕ ಒಕ್ಕೂಟ ಪೂರ್ಣವಾಯಿತು. 1993ರ ಜನವರಿ 1ರಿಂದ ಗಡಿಗಳಲ್ಲಿ ಸರಕು ತಪಾಸಣೆ ನಿಂತು ಏಕ ಮಾರುಕಟ್ಟೆ ಜಾರಿಗೆ ಬಂತು. 1999ರಲ್ಲಿ ಯೂರೋ ನಾಣ್ಯ ಹುಟ್ಟಿ, 2002ರ ಜನವರಿಯಲ್ಲಿ ಅದರ ನೋಟುಗಳು ಜನರ ಕೈಸೇರಿದವು.

ಬೆಳವಣಿಗೆ ಹೇಗೆ ಬರುತ್ತದೆ?

ಮಾರುಕಟ್ಟೆ ದೊಡ್ಡದಾದರೆ ಕಾರ್ಖಾನೆಯೂ ದೊಡ್ಡದಾಗಬಹುದು. ಹೆಚ್ಚು ತಯಾರಿಸಿದಷ್ಟೂ ಒಂದೊಂದು ವಸ್ತುವಿನ ಖರ್ಚು ಇಳಿಯುತ್ತದೆ. ಇದು ಮೊದಲನೆಯ ಕಾರಣ. ಪೈಪೋಟಿ ಎರಡನೆಯದು: ಸುಂಕದ ಆಸರೆಯಲ್ಲಿ ನೆಮ್ಮದಿಯಾಗಿದ್ದ ಉದ್ಯಮಗಳು ನೆರೆದೇಶದವರ ಜೊತೆ ಸ್ಪರ್ಧಿಸಬೇಕಾಗಿ ಬಂದು ತಮ್ಮ ಕೆಲಸವನ್ನು ಸುಧಾರಿಸಿಕೊಳ್ಳುತ್ತವೆ. ಮೂರನೆಯದು ಬಂಡವಾಳ. ಇಡೀ ಪ್ರದೇಶಕ್ಕೆ ಸರಕು ಮಾರಬಹುದೆಂಬ ಭರವಸೆಯಿದ್ದರೆ ಉದ್ಯಮಿಗಳು ಹಣ ಹೂಡಲು ಮುಂದೆ ಬರುತ್ತಾರೆ.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಸುಂಕ ಒಕ್ಕೂಟದಿಂದ ಯಾವಾಗಲೂ ಲಾಭವೇ ಆಗುತ್ತದೆ ಎನ್ನಲಾಗದು ಎಂದು 1950ರಲ್ಲಿ ಜಾಕೋಬ್ ವೈನರ್ ಎಂಬ ಅರ್ಥಶಾಸ್ತ್ರಜ್ಞ ತೋರಿಸಿಕೊಟ್ಟರು. ಅವರ ವಾದವನ್ನು ಒಂದು ಕೊಡೆಯ ಲೆಕ್ಕದಿಂದ ತಿಳಿಯಬಹುದು.

ಒಂದು ಕೊಡೆ ತಯಾರಿಸಲು ನಮ್ಮಲ್ಲಿ 150 ರೂಪಾಯಿ, ನೆರೆದೇಶದಲ್ಲಿ 120, ದೂರದ ದೇಶದಲ್ಲಿ 100 ಆಗುತ್ತದೆ ಎಂದುಕೊಳ್ಳಿ. ಆಮದಾಗುವ ಪ್ರತಿ ಕೊಡೆಗೆ 60 ರೂಪಾಯಿ ಸುಂಕವಿದ್ದರೆ ನೆರೆಯದು 180, ದೂರದ್ದು 160 ಆಗುತ್ತದೆ. ನಾವು ನಮ್ಮ ಕೊಡೆಯನ್ನೇ ಕೊಳ್ಳುತ್ತೇವೆ. ನೆರೆಯವರೊಡನೆ ಒಕ್ಕೂಟವಾದರೆ ಅವರ ಕೊಡೆ 120ಕ್ಕೆ ಸಿಗುತ್ತದೆ, ಕೊಳ್ಳುವವರಿಗೆ 30 ರೂಪಾಯಿ ಉಳಿತಾಯ. ಇದು ವ್ಯಾಪಾರ ಸೃಷ್ಟಿ.

ಈಗ ಸುಂಕ ಕೇವಲ 30 ರೂಪಾಯಿ ಇತ್ತೆಂದು ಭಾವಿಸಿ. ಆಗ ನಾವು ದೂರದ ದೇಶದ ಕೊಡೆಯನ್ನು 130ಕ್ಕೆ ಕೊಳ್ಳುತ್ತಿದ್ದೆವು. ಅದರಲ್ಲಿ 30 ನಮ್ಮದೇ ಖಜಾನೆಗೆ ಸೇರುತ್ತಿತ್ತು. ಒಕ್ಕೂಟವಾದ ಮೇಲೆ ನೆರೆಯವರ ಕೊಡೆ 120ಕ್ಕೆ ಬರುತ್ತದೆ. ಕೊಳ್ಳುವವರಿಗೆ 10 ರೂಪಾಯಿ ಉಳಿದರೂ ಖಜಾನೆಗೆ 30 ರೂಪಾಯಿ ಖೋತಾ. 100 ರೂಪಾಯಿಯ ವಸ್ತುವಿಗೆ ದೇಶ ಒಟ್ಟಿನಲ್ಲಿ 120 ಕೊಟ್ಟಂತಾಯಿತು. ಇದು ವ್ಯಾಪಾರ ಪಲ್ಲಟ.

ಮೊದಲನೆಯ ಲೆಕ್ಕವನ್ನು ಇನ್ನೊಮ್ಮೆ ನೋಡಿ. ದೇಶಕ್ಕೆ ಲಾಭವಾಯಿತು ನಿಜ. ಆದರೆ 150 ರೂಪಾಯಿಯ ಕೊಡೆ ಹೊಲಿಯುತ್ತಿದ್ದ ನಮ್ಮವರ ಗತಿಯೇನು? ಅವರು ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ ಎಂದು ಲೆಕ್ಕ ಹೇಳುತ್ತದೆ. ಎಲ್ಲಿ, ಎಷ್ಟು ದಿನದಲ್ಲಿ, ಯಾರ ಖರ್ಚಿನಲ್ಲಿ ಎಂಬುದನ್ನು ಅದು ಹೇಳುವುದಿಲ್ಲ. ಏಕೀಕರಣದ ನಿಜವಾದ ಪರೀಕ್ಷೆ ಇಲ್ಲಿಂದ ಶುರುವಾಗುತ್ತದೆ.

ಕೆಲಸಗಳು ಎಲ್ಲಿಗೆ ಹೋದವು?

2004ರ ಮೇ 1ರಂದು ಪೋಲೆಂಡ್, ಹಂಗೇರಿ, ಸ್ಲೊವಾಕಿಯ, ಲಾಟ್ವಿಯ ಮೊದಲಾದ ಹತ್ತು ದೇಶಗಳು ಯೂರೋಪಿಯನ್ ಒಕ್ಕೂಟವನ್ನು ಸೇರಿದವು. ಅವುಗಳಲ್ಲಿ ಹೆಚ್ಚಿನವು ಹಿಂದೆ ಕಮ್ಯುನಿಸ್ಟ್ ಆಡಳಿತದಲ್ಲಿದ್ದವು. ಅಲ್ಲಿನ ವೇತನ ಪಶ್ಚಿಮ ಯೂರೋಪಿನ ವೇತನಕ್ಕಿಂತ ಬಹಳ ಕಡಿಮೆ. ಸಹಜವಾಗಿಯೇ ಕಾರ್ಖಾನೆಗಳು ಪೂರ್ವಕ್ಕೆ ಹೊರಟವು. ಕೇವಲ 54 ಲಕ್ಷದಷ್ಟು ಜನರಿರುವ ಸ್ಲೊವಾಕಿಯ ಇಂದು ತಲಾವಾರು ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಕಾರು ತಯಾರಿಸುವ ದೇಶ ಎನಿಸಿದೆ. 2004ರಲ್ಲಿ ಪೋಲೆಂಡಿನ ನಿರುದ್ಯೋಗ ಶೇಕಡ 19ರ ಆಸುಪಾಸಿನಲ್ಲಿತ್ತು. 2019ರಲ್ಲಿ ಅದು ಶೇಕಡ 3ರ ಸಮೀಪಕ್ಕೆ ಇಳಿದಿತ್ತು. ಇಷ್ಟು ಇಳಿಯಲು ಹಲವರು ದೇಶ ಬಿಟ್ಟು ಹೋದದ್ದೂ ಒಂದು ಕಾರಣ. ಹೊಸ ಉದ್ಯಮಗಳು ಬಂದದ್ದು ದೊಡ್ಡ ಕಾರಣ.

ಇದೇ ಕಥೆಯ ಇನ್ನೊಂದು ಮುಖವನ್ನು ನೋಡಲು ಜರ್ಮನಿಯ ಬೋಖುಮ್ ನಗರಕ್ಕೆ ಹೋಗಬೇಕು. ಅಲ್ಲಿ ನೋಕಿಯಾ ಕಂಪನಿಯ ಮೊಬೈಲ್ ಫೋನ್ ಕಾರ್ಖಾನೆಯಿತ್ತು. ಅದನ್ನು ಮುಚ್ಚುವುದಾಗಿ 2008ರ ಜನವರಿಯಲ್ಲಿ ಕಂಪನಿ ಪ್ರಕಟಿಸಿತು. ಸುಮಾರು 2,300 ಜನರ ಕೆಲಸ ಹೋಯಿತು. ಉತ್ಪಾದನೆಯ ಒಂದು ಭಾಗ ರುಮೇನಿಯದ ಕ್ಲೂಜ್ ನಗರದ ಸಮೀಪ ಆರಂಭವಾದ ಹೊಸ ಕಾರ್ಖಾನೆಗೆ ಹೋಯಿತು. ರುಮೇನಿಯದವರಿಗೆ ಸಂತೋಷವಾಯಿತು. ಆದರೆ 2011ರಲ್ಲಿ ಆ ಕಾರ್ಖಾನೆಯನ್ನೂ ಮುಚ್ಚುವ ಪ್ರಕಟಣೆ ಬಂತು. ಈ ಬಾರಿ ಕೆಲಸ ಏಷ್ಯಾದ ಕಡೆಗೆ ಸರಿಯಿತು. ಕಡಿಮೆ ಕೂಲಿಯೊಂದನ್ನೇ ನಂಬಿ ಬಂದ ಕಾರ್ಖಾನೆ ಇನ್ನೂ ಕಡಿಮೆ ಕೂಲಿಯ ಜಾಗ ಸಿಕ್ಕಾಗ ನಿಲ್ಲುವುದಿಲ್ಲ. ಕೌಶಲ, ಒಳ್ಳೆಯ ರಸ್ತೆ, ಬಿಡಿಭಾಗ ಒದಗಿಸುವ ಸಣ್ಣ ಉದ್ಯಮಗಳ ಜಾಲ ಇವೆಲ್ಲ ಬೆಳೆದಲ್ಲಿ ಮಾತ್ರ ಉದ್ಯೋಗ ಬೇರುಬಿಡುತ್ತದೆ. ಸ್ಲೊವಾಕಿಯದ ಕಾರುಗಳಿಗೂ ಕ್ಲೂಜ್‌ನ ಫೋನುಗಳಿಗೂ ಇರುವ ವ್ಯತ್ಯಾಸ ಇದೇ.

ಜನ ಹೊರಟಾಗ

ಕಾರ್ಖಾನೆಗಳು ಪೂರ್ವಕ್ಕೆ ಬಂದಂತೆ ಜನರು ಪಶ್ಚಿಮಕ್ಕೆ ಹೊರಟರು. ಬ್ರಿಟನ್, ಐರ್ಲೆಂಡ್ ಮತ್ತು ಸ್ವೀಡನ್ 2004ರಲ್ಲೇ ಹೊಸ ಸದಸ್ಯ ದೇಶಗಳ ಕೆಲಸಗಾರರಿಗೆ ಬಾಗಿಲು ತೆರೆದವು. ಜರ್ಮನಿ ಮತ್ತು ಆಸ್ಟ್ರಿಯ 2011ರವರೆಗೆ ಕಾದವು. 2007ರ ಹೊತ್ತಿಗೆ 20 ಲಕ್ಷಕ್ಕೂ ಹೆಚ್ಚು ಪೋಲೆಂಡಿನವರು ಹೊರದೇಶಗಳಲ್ಲಿದ್ದರು. ಕೊಳಾಯಿ ಕೆಲಸದವರು, ಗಾರೆ ಕೆಲಸದವರು, ದಾದಿಯರು, ಹೋಟೆಲ್ ಸಿಬ್ಬಂದಿ ಎಲ್ಲರೂ ಅವರಲ್ಲಿದ್ದರು. ತಮ್ಮೂರಿನ ಸಂಬಳದ ಹಲವು ಪಟ್ಟು ಗಳಿಸಿ ಮನೆಗೆ ಹಣ ಕಳುಹಿಸಿದರು.

ಹಾಗಾದರೆ ಸ್ಥಳೀಯರ ಸಂಬಳ ಕುಸಿಯಿತೆ? ಬ್ರಿಟನ್ನಿನಲ್ಲಿ ನಡೆದ ಅಧ್ಯಯನಗಳಲ್ಲಿ ಬಹುಪಾಲು ಸರಾಸರಿ ವೇತನದ ಮೇಲಾದ ಪರಿಣಾಮ ತೀರ ಸಣ್ಣದೆಂದು ಕಂಡುಕೊಂಡವು. ಏನಾದರೂ ಪೆಟ್ಟು ಬಿದ್ದಿದ್ದರೆ ಅದು ಅತಿ ಕಡಿಮೆ ಸಂಬಳದ ಕೆಲಸಗಳಲ್ಲಿ. ಸರಾಸರಿ ಎಂಬುದು ಊರಿಗೆಲ್ಲ ಒಂದೇ ಅಳತೆಯ ಅಂಗಿ ಹೊಲಿಸಿದ ಹಾಗೆ. ಅದು ಯಾರಿಗೆ ಬಿಗಿಯಾಯಿತು ಎಂಬುದು ತೊಟ್ಟವರಿಗೇ ಗೊತ್ತು.

ಬಿಟ್ಟು ಬಂದ ಊರುಗಳ ಕಡೆಗೂ ಗಮನ ಕೊಡಿ. ಲಾಟ್ವಿಯದ ಜನಸಂಖ್ಯೆ 2000ದಲ್ಲಿ ಸುಮಾರು 23.8 ಲಕ್ಷವಿದ್ದದ್ದು 2020ರ ವೇಳೆಗೆ 19 ಲಕ್ಷದಷ್ಟಾಯಿತು. ಜನನ ಪ್ರಮಾಣದ ಇಳಿಕೆಯ ಜೊತೆಗೆ ವಲಸೆಯೂ ಇದಕ್ಕೆ ಕಾರಣ. ರುಮೇನಿಯದ ವೈದ್ಯರು ಸಾವಿರಾರು ಸಂಖ್ಯೆಯಲ್ಲಿ ಪಶ್ಚಿಮಕ್ಕೆ ಹೋದರು. ಅವರ ಓದಿಗೆ ಹಣ ಸುರಿದದ್ದು ಬಡ ದೇಶ, ಸೇವೆ ಸಿಕ್ಕಿದ್ದು ಸಿರಿವಂತ ದೇಶಕ್ಕೆ. ತಂದೆತಾಯಿ ದೂರ ದುಡಿಯಲು ಹೋದಾಗ ಅಜ್ಜಿಯ ಮಡಿಲಲ್ಲಿ ಬೆಳೆದ ಮಕ್ಕಳಿಗೆ ಪೋಲೆಂಡಿನ ಪತ್ರಿಕೆಗಳು 'ಯೂರೋ ಅನಾಥರು' ಎಂದು ಹೆಸರಿಟ್ಟವು.

ದುಡಿಮೆಯ ದಿನಚರಿ ಬದಲಾದ ಬಗೆ

ದುಡಿಯುವವರ ಬದುಕನ್ನು ಬಿಟ್ಟು ಬರಿಯ ಮಾರುಕಟ್ಟೆಯನ್ನು ಕೂಡಿಸಿದರೆ ಏನಾಗುತ್ತದೆ? ಯೂರೋಪಿಗೆ ಇದರ ಕಹಿ ಪಾಠ ಮೊದಲೇ ಸಿಕ್ಕಿತ್ತು. 1946ರಲ್ಲಿ ಇಟಲಿ ಮತ್ತು ಬೆಲ್ಜಿಯಂ ಒಂದು ಒಪ್ಪಂದ ಮಾಡಿಕೊಂಡವು. ಇಟಲಿ ಗಣಿಕೆಲಸಕ್ಕೆ ಗಂಡಾಳುಗಳನ್ನು ಕಳುಹಿಸಬೇಕು, ಬದಲಿಗೆ ಬೆಲ್ಜಿಯಂ ಕಲ್ಲಿದ್ದಲು ಕೊಡಬೇಕು. 1956ರ ಆಗಸ್ಟ್ 8ರಂದು ಬೆಲ್ಜಿಯಂನ ಮಾರ್ಸಿನೆಲ್ ಗಣಿಯಲ್ಲಿ ಬೆಂಕಿ ಬಿದ್ದು 262 ಜನ ಸತ್ತರು. ಅವರಲ್ಲಿ 136 ಮಂದಿ ಇಟಲಿಯವರು. ಈ ದುರಂತದ ನಂತರವೇ ಕಲ್ಲಿದ್ದಲು ಸಮುದಾಯ ಗಣಿ ಸುರಕ್ಷತೆಗಾಗಿ ಒಂದು ಆಯೋಗವನ್ನು ನೇಮಿಸಿತು. ಆ ಸಮುದಾಯದ ಒಪ್ಪಂದದಲ್ಲಿ ಇನ್ನೊಂದು ಒಳ್ಳೆಯ ಏರ್ಪಾಡೂ ಇತ್ತು. ಗಣಿ ಮುಚ್ಚಿ ಕೆಲಸ ಕಳೆದುಕೊಂಡವರಿಗೆ ತಾತ್ಕಾಲಿಕ ಭತ್ಯೆ, ಹೊಸ ಕಸುಬಿನ ತರಬೇತಿ ಮತ್ತು ಬೇರೆ ಊರಿಗೆ ಹೋಗಿ ನೆಲೆಸಲು ನೆರವು ಕೊಡಬಹುದಾಗಿತ್ತು. ನಮ್ಮ ಕೊಡೆಯ ಲೆಕ್ಕ ಬಿಟ್ಟುಬಿಟ್ಟಿದ್ದ ಪ್ರಶ್ನೆಗೆ ಇದು ಒಂದು ಉತ್ತರ.

ರೋಮ್ ಒಪ್ಪಂದದ 119ನೆಯ ವಿಧಿಯ ಕಥೆ ಇನ್ನೂ ಸ್ವಾರಸ್ಯದ್ದು. ಗಂಡಸರಿಗೂ ಹೆಂಗಸರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಕೊಡಬೇಕೆಂದು ಅದು ಹೇಳಿತು. ಇದು ಹುಟ್ಟಿದ್ದು ಸ್ತ್ರೀಯರ ಮೇಲಿನ ಕಾಳಜಿಯಿಂದಲ್ಲ. ಫ್ರಾನ್ಸಿನಲ್ಲಿ ಆಗಲೇ ಸಮಾನ ವೇತನದ ಕಾನೂನಿತ್ತು. ನೆರೆಯವರು ಹೆಂಗಸರಿಗೆ ಕಡಿಮೆ ಕೂಲಿ ಕೊಟ್ಟು ಅಗ್ಗದ ಬಟ್ಟೆ ಮಾರಿದರೆ ತನ್ನ ಗಿರಣಿಗಳು ಸೋತಾವು ಎಂಬ ಭಯ ಅದಕ್ಕಿತ್ತು. ಕಾಗದದ ಮೇಲಿದ್ದ ಆ ವಿಧಿಗೆ ಜೀವ ಕೊಟ್ಟವರು ದುಡಿಯುವ ಹೆಂಗಸರೇ. 1966ರಲ್ಲಿ ಬೆಲ್ಜಿಯಂನ ಹೆರ್ಸ್ತಾಲ್ ಶಸ್ತ್ರಾಸ್ತ್ರ ಕಾರ್ಖಾನೆಯ ಸುಮಾರು 3,000 ಮಹಿಳೆಯರು 12 ವಾರ ಮುಷ್ಕರ ಹೂಡಿ, ಈ ವಿಧಿಯನ್ನು ಜಾರಿಗೆ ತನ್ನಿ ಎಂದು ಕೇಳಿದರು. ಅದೇ ದೇಶದ ಗಗನಸಖಿ ಗೇಬ್ರಿಯೆಲ್ ಡೆಫ್ರೆನ್ ಅದೇ ಕೆಲಸದ ಗಂಡಸರಿಗಿಂತ ತಮಗೆ ಕಡಿಮೆ ಸಂಬಳ ಕೊಡಲಾಗಿದೆಯೆಂದು ನ್ಯಾಯಾಲಯಕ್ಕೆ ಹೋದರು. 1976ರಲ್ಲಿ ಯೂರೋಪಿನ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ಅಲ್ಲಿಂದ ಮುಂದೆ ಆ ವಿಧಿಯ ಆಧಾರದ ಮೇಲೆ ಯಾವುದೇ ಸದಸ್ಯ ದೇಶದ ಮಹಿಳೆ ತನ್ನ ದೇಶದ ನ್ಯಾಯಾಲಯದಲ್ಲೇ ನೇರವಾಗಿ ಹಕ್ಕು ಕೇಳಬಹುದಾಯಿತು.

1993ರ ಕೆಲಸದ ಅವಧಿಯ ನಿರ್ದೇಶನವೂ ಇಂಥದೇ ಒಂದು ಮೈಲಿಗಲ್ಲು. ವಾರಕ್ಕೆ ಸರಾಸರಿ 48 ಗಂಟೆಗಿಂತ ಹೆಚ್ಚು ದುಡಿಸಬಾರದು, ದಿನಕ್ಕೆ ಸತತ 11 ಗಂಟೆ ಬಿಡುವು, ವರ್ಷಕ್ಕೆ 4 ವಾರ ಸಂಬಳಸಹಿತ ರಜೆ ಕೊಡಬೇಕು ಎಂದು ಅದು ವಿಧಿಸಿತು. ಕೆಲವು ಕಸುಬುಗಳಿಗೆ ವಿನಾಯಿತಿ ಉಂಟು. ಆದರೂ ಕೆಲಸಗಾರರ ನಿದ್ದೆಯನ್ನು ಕದ್ದು ಪೈಪೋಟಿಯಲ್ಲಿ ಗೆಲ್ಲುವ ದಾರಿಗೆ ಅದು ಬೇಲಿ ಹಾಕಿತು.

ಬೇಲಿಯಲ್ಲಿ ಕಿಂಡಿಗಳೂ ಇದ್ದವು. 2004ರಲ್ಲಿ ಲಾಟ್ವಿಯದ ಕಂಪನಿಯೊಂದು ಸ್ವೀಡನ್ನಿನ ವಾಕ್ಸ್‌ಹೋಮ್ ಎಂಬಲ್ಲಿ ಶಾಲಾ ಕಟ್ಟಡದ ಕೆಲಸ ಹಿಡಿದು ತನ್ನ ದೇಶದಿಂದಲೇ ಕೆಲಸಗಾರರನ್ನು ಕರೆತಂದಿತು. ಸ್ವೀಡನ್ನಿನ ಕಟ್ಟಡ ಕಾರ್ಮಿಕರ ಸಂಘ, ಇಲ್ಲಿನ ವೇತನ ಒಪ್ಪಂದಕ್ಕೆ ಸಹಿ ಹಾಕಿ ಎಂದು ಒತ್ತಾಯಿಸಿ ಕೆಲಸದ ಸ್ಥಳಕ್ಕೆ ದಿಗ್ಬಂಧನ ಹಾಕಿತು. 2007ರಲ್ಲಿ ಯೂರೋಪಿನ ನ್ಯಾಯಾಲಯ, ಸೇವೆ ಒದಗಿಸುವ ಸ್ವಾತಂತ್ರ್ಯಕ್ಕೆ ಇದು ಅಡ್ಡಿ ಎಂದು ಸಂಘದ ವಿರುದ್ಧ ತೀರ್ಪು ಕೊಟ್ಟಿತು. ಇಲ್ಲಿ ಲಾಟ್ವಿಯದ ಕೆಲಸಗಾರರನ್ನು ತಪ್ಪಿತಸ್ಥರೆನ್ನಲು ಬರುವುದಿಲ್ಲ, ಅವರಿಗೂ ಹೊಟ್ಟೆಪಾಡಿದೆ. ಒಂದೇ ಗೋಡೆ ಕಟ್ಟುವ ಇಬ್ಬರಿಗೆ ಎರಡು ದೇಶಗಳ ಸಂಬಳ ಅನ್ವಯಿಸಬಹುದೆ ಎಂಬುದೇ ಪ್ರಶ್ನೆ. ದೀರ್ಘ ವಾಗ್ವಾದದ ನಂತರ 2018ರಲ್ಲಿ ನಿಯಮ ತಿದ್ದಲಾಯಿತು. ಒಂದೇ ಸ್ಥಳದಲ್ಲಿ ಒಂದೇ ಕೆಲಸಕ್ಕೆ ಸಮಾನ ವೇತನ ಎಂಬ ತತ್ತ್ವದ ಈ ತಿದ್ದುಪಡಿ 2020ರಿಂದ ಜಾರಿಯಲ್ಲಿದೆ.

ಒಂದೇ ನಾಣ್ಯದ ಬೆಲೆ, ಹೊರಬಂದ ಬೆಲೆ

ನಾಲ್ಕನೆಯ ಮೆಟ್ಟಿಲು ಎಲ್ಲಕ್ಕಿಂತ ಕಡಿದು. ಸ್ವಂತ ನಾಣ್ಯವಿರುವ ದೇಶ ಕಷ್ಟ ಬಂದಾಗ ಅದರ ಮೌಲ್ಯ ಇಳಿಸಿ ತನ್ನ ರಫ್ತನ್ನು ಅಗ್ಗ ಮಾಡಬಹುದು. ಯೂರೋ ಬಳಸುವ ದೇಶಕ್ಕೆ ಆ ಉಪಾಯವಿಲ್ಲ. 2009ರ ನಂತರ ಸಾಲದ ಸುಳಿಗೆ ಸಿಕ್ಕ ಗ್ರೀಸ್ ಸಂಬಳ, ಪಿಂಚಣಿ ಮತ್ತು ಸರಕಾರಿ ಖರ್ಚುಗಳನ್ನು ಕಡಿಯಬೇಕಾಯಿತು. 2013ರಲ್ಲಿ ಅಲ್ಲಿನ ನಿರುದ್ಯೋಗ ಶೇಕಡ 27ನ್ನು ದಾಟಿತು. ದುಡಿಮೆಗೆ ಸಿದ್ಧರಿದ್ದ 25 ವರ್ಷದೊಳಗಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೆಲಸವಿರಲಿಲ್ಲ. ಅದೇ ನಾಣ್ಯ ಬಳಸುತ್ತಿದ್ದ ಜರ್ಮನಿಯ ನಿರುದ್ಯೋಗ ಆಗ ಶೇಕಡ 5ರ ಸುಮಾರಿನಲ್ಲಿತ್ತು.

ಹಾಗೆಂದು ಹೊರಗೆ ಬರುವುದೂ ಸುಲಭವಲ್ಲ. ಬ್ರಿಟನ್ 2016ರ ಜೂನ್ 23ರ ಜನಮತಗಣನೆಯಲ್ಲಿ ಸುಮಾರು ಶೇಕಡ 52 ಮತಗಳಿಂದ ಒಕ್ಕೂಟ ಬಿಡಲು ತೀರ್ಮಾನಿಸಿತು. 2020ರ ಜನವರಿ 31ರಂದು ಹೊರಬಂತು. 2021ರಲ್ಲಿ ಅಲ್ಲಿ ಲಾರಿ ಚಾಲಕರ ಕೊರತೆಯಾಗಿ ಪೆಟ್ರೋಲ್ ಬಂಕುಗಳ ಮುಂದೆ ಸಾಲುಗಳು ಬೆಳೆದವು. ಕೋವಿಡ್ ಕಾಲದ ಅಡಚಣೆಗಳ ಜೊತೆಗೆ ಯೂರೋಪಿನ ಚಾಲಕರು ಮರಳಿ ಹೋದದ್ದೂ ಇದಕ್ಕೆ ಕಾರಣವಾಗಿತ್ತು. ಯೂರೋಪಿನ ದೇಶಗಳಿಂದ ಬರುವ ದಾದಿಯರ ಸಂಖ್ಯೆ ಇಳಿಯಿತು. ಭಾರತ ಮತ್ತು ಫಿಲಿಪ್ಪೀನ್ಸ್‌ಗಳಿಂದ ಹೋಗುವವರ ಸಂಖ್ಯೆ ಏರಿತು. ಅಲ್ಲಿ ಮುಚ್ಚಿದ ಬಾಗಿಲು ನಮ್ಮ ನರ್ಸಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ತೆರೆದುಕೊಂಡದ್ದು ಹೀಗೆ.

ನಮ್ಮ ಅಂಗಳದಲ್ಲಿ

ದಕ್ಷಿಣ ಏಷ್ಯಾದಲ್ಲಿ ಏಕೀಕರಣ ಮೊದಲ ಮೆಟ್ಟಿಲಲ್ಲೇ ನಿಂತಿದೆ. ಸಾರ್ಕ್ 1985ರಲ್ಲಿ ಹುಟ್ಟಿತು. ಅದರ ಮುಕ್ತ ವ್ಯಾಪಾರ ಒಪ್ಪಂದ 2006ರಲ್ಲಿ ಜಾರಿಗೆ ಬಂತು. ಆದರೂ ಈ ದೇಶಗಳ ಒಟ್ಟು ವ್ಯಾಪಾರದಲ್ಲಿ ಪರಸ್ಪರ ವ್ಯಾಪಾರ ಸುಮಾರು ಶೇಕಡ 5 ಮಾತ್ರ.

ಮೊದಲ ಮೆಟ್ಟಿಲಿನ ತೊಡಕು ಏನೆಂಬುದನ್ನು ಕೊಡಗು, ಹಾಸನ, ಚಿಕ್ಕಮಗಳೂರಿನ ಮೆಣಸು ಬೆಳೆಗಾರರು ಬಲ್ಲರು. ಶ್ರೀಲಂಕಾದೊಡನೆ ಮಾಡಿಕೊಂಡ ಒಪ್ಪಂದ 2000ದಲ್ಲಿ ಜಾರಿಗೆ ಬಂದಿತ್ತು. ವಿಯೆಟ್ನಾಂನ ಅಗ್ಗದ ಮೆಣಸು ಶ್ರೀಲಂಕಾದ್ದೆಂಬ ಹೆಸರಿನಲ್ಲಿ ಕಡಿಮೆ ಸುಂಕಕ್ಕೆ ಒಳಬರುತ್ತಿದೆ ಎಂದು ಬೆಳೆಗಾರರು ದೂರಿದರು. ಹೊರಗಿನವರ ಮೇಲಿನ ಸುಂಕ ಒಂದೊಂದು ದೇಶದಲ್ಲಿ ಒಂದೊಂದು ಬಗೆಯಿದ್ದರೆ ಸರಕು ಸಡಿಲ ಬಾಗಿಲನ್ನೇ ಹುಡುಕುತ್ತದೆ. ವಸ್ತು ನಿಜವಾಗಿ ಎಲ್ಲಿಯದು ಎಂಬ ಮೂಲದ ನಿಯಮವನ್ನು ಬಿಗಿಯಾಗಿ ನೋಡಬೇಕಾದದ್ದು ಇದಕ್ಕೇ. 2017ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು.

2019ರ ನವೆಂಬರಿನಲ್ಲಿ ಏಷ್ಯಾ ಮತ್ತು ಪೆಸಿಫಿಕ್ ದೇಶಗಳ ಬೃಹತ್ ವ್ಯಾಪಾರ ಒಪ್ಪಂದದಿಂದ ಭಾರತ ಹಿಂದೆ ಸರಿಯಿತು. ನ್ಯೂಜಿಲೆಂಡಿನ ಹಾಲಿನ ಪುಡಿ ಬಂದು ತುಂಬಿಕೊಂಡರೆ ಎರಡು ಹಸು ಕಟ್ಟಿಕೊಂಡ ಮನೆಯ ಗತಿಯೇನು ಎಂಬ ಹೈನುಗಾರರ ಆತಂಕ ಅದಕ್ಕೆ ಒಂದು ಕಾರಣವಾಗಿತ್ತು. ಇತ್ತ ಹೊರಗುಳಿದರೆ ನಮ್ಮ ರಫ್ತುದಾರರು ಆ ದೊಡ್ಡ ಮಾರುಕಟ್ಟೆಯಲ್ಲಿ ಹಿಂದೆ ಬೀಳಬಹುದು ಎಂಬ ವಾದವೂ ಇತ್ತು. ಎರಡೂ ವಾದಗಳಲ್ಲಿ ಹುರುಳಿದೆ.

ಹಾಗಾದರೆ ಯೂರೋಪ್ ಕಲಿಸುವುದೇನು? ಗಡಿ ತೆರೆದರೆ ಒಟ್ಟು ಸಂಪತ್ತು ಬೆಳೆಯುವ ಸಾಧ್ಯತೆ ಹೆಚ್ಚು. ಆದರೆ ಲಾಭ ಹಂಚಿ ಹೋಗುತ್ತದೆ, ನಷ್ಟ ಮಾತ್ರ ಒಂದೆಡೆ ಬೀಳುತ್ತದೆ. ಅಗ್ಗದ ಫೋನಿನ ಲಾಭ ಕೋಟ್ಯಂತರ ಜನರಿಗೆ ಚೂರು ಚೂರಾಗಿ ಸಿಕ್ಕಿತು. ಕಾರ್ಖಾನೆ ಮುಚ್ಚಿದ ನಷ್ಟ ಬೋಖುಮ್‌ನ ಮನೆಗಳಿಗೆ ಇಡಿಯಾಗಿ ಬಿತ್ತು. ಸಮಾನ ವೇತನ, ಬಿಡುವು, ಸುರಕ್ಷತೆ, ಮರುತರಬೇತಿ ಇವು ಮಾರುಕಟ್ಟೆ ತಾನಾಗಿ ತಂದುಕೊಟ್ಟವಲ್ಲ. ಜನ ಕೇಳಿದರು, ಮುಷ್ಕರ ಹೂಡಿದರು, ನ್ಯಾಯಾಲಯಕ್ಕೆ ಹೋದರು, ಆಮೇಲೆ ಬಂದವು. ಮುಂದೆ ಯಾವುದಾದರೂ ವ್ಯಾಪಾರ ಒಪ್ಪಂದದ ಸುದ್ದಿ ಓದಿದಾಗ ಎಷ್ಟು ಕೋಟಿಯ ವ್ಯಾಪಾರ ಎಂಬಲ್ಲಿಗೇ ನಿಲ್ಲಬೇಡಿ. ಯಾರ ಕೆಲಸ ಹೋಗುತ್ತದೆ, ಅವರಿಗೆ ಏನು ಏರ್ಪಾಡಿದೆ, ದುಡಿಮೆಯ ನಿಯಮಗಳು ಯಾವ ಕಡೆಗೆ ಸಮನಾಗುತ್ತವೆ, ಮೇಲಕ್ಕೋ ಕೆಳಕ್ಕೋ, ಎಂದೂ ಕೇಳಿ.

ಚರ್ಚೆಗೆ ಕೆಲವು ಪ್ರಶ್ನೆಗಳು

1. ಕೊಡೆಯ ಲೆಕ್ಕದಲ್ಲಿ ಸುಂಕ 45 ರೂಪಾಯಿ ಇದ್ದಿದ್ದರೆ ಫಲಿತಾಂಶ ಏನಾಗುತ್ತಿತ್ತು? ಮಾಡಿ ನೋಡಿ.

2. ಮುಕ್ತ ವ್ಯಾಪಾರ ವಲಯಕ್ಕೆ ಮೂಲದ ನಿಯಮ ಏಕೆ ಬೇಕು? ಸುಂಕ ಒಕ್ಕೂಟದಲ್ಲಿ ಅದರ ಅಗತ್ಯ ಏಕೆ ಕಡಿಮೆ?

3. ನಿಮ್ಮ ಊರಿನ ಯಾವ ಬೆಳೆ ಅಥವಾ ಕಸುಬು ಹೊರಗಿನ ಪೈಪೋಟಿಯನ್ನು ಎದುರಿಸುತ್ತಿದೆ? ಅದರಲ್ಲಿ ತೊಡಗಿದವರನ್ನು ಕಂಡು ಕೇಳಿ, ಒಂದು ಪುಟ ಬರೆಯಿರಿ.